ಕೊನೆಗೆ ಕೇಳಿಸಿದ ಸದ್ದು

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಚರ್ಮ ನುಣ್ಣಗಿತ್ತು, ನೆನೆಸಿ ಸಿಪ್ಪೆ ಸುಲಿದ ಬಾದಾಮಿಯ ಹಾಗೆ. ಇದನ್ನು ನಾನು ನೋಡಿ ಹೇಳುತ್ತಿಲ್ಲ, ಮುಟ್ಟಿ ಹೇಳುತ್ತಿದ್ದೇನೆ. ನನಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಗೂಡಲೂರಿನ ನಮ್ಮ ಅಂಗಡಿಗೆ ಅವರು ಮೊದಲ ಸಲ ಬಂದಾಗ ನನ್ನೆದುರು ನಿಂತು, "ಅಮ್ಮಿ, ನನ್ನ ಕೈ ಕೊಡ್ತೇನೆ, ಹಿಡಿದು ನೋಡು. ಆಮೇಲೆ ಬಂದವ ಯಾರು ಅಂತ ನಿನಗೆ ಯೋಚನೆ ಇಲ್ಲೆ" ಎಂದಿದ್ದರು. ಹಳೆಯ ಟೈಪ್‌ರೈಟರೊಂದರ ಹೊಟ್ಟೆಯೊಳಗೆ ಬೆರಳು ಸಿಕ್ಕಿ ಉಗುರು ಹೋಯಿತಂತೆ. ಅದನ್ನೂ ನಗುತ್ತಲೇ ಹೇಳಿದ್ದರು.

ಈ ಕೈಯ ಕಥೆಯಿಂದ ಶುರುಮಾಡಲು ಕಾರಣವಿದೆ. ಕಣ್ಣಿಲ್ಲದವರನ್ನು ಜನ ಹೇಳದೆ ಕೇಳದೆ ಮುಟ್ಟುತ್ತಾರೆ. ರಸ್ತೆ ದಾಟಿಸುತ್ತೇವೆಂದು ರಟ್ಟೆ ಹಿಡಿದು ಎಳೆಯುತ್ತಾರೆ. ನಾನು ದಾಟಬೇಕಿತ್ತೋ ಇಲ್ಲವೋ, ಅದು ಅವರಿಗೆ ಬೇಕಿಲ್ಲ! ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಎಷ್ಟು ಜನರ ಕೈ ಕೊಡವಿದ್ದೇನೋ ಲೆಕ್ಕವಿಲ್ಲ. ಅಂಥದ್ದರಲ್ಲಿ ಈ ಮನುಷ್ಯ ಕೋಣೆಗೆ ಬಂದರೆ "ಬಂದೆ" ಎನ್ನುತ್ತಿದ್ದರು, ಕುರ್ಚಿ ಎಳೆದರೆ "ಕೂತೆ" ಎನ್ನುತ್ತಿದ್ದರು. ಹೊರಡುವಾಗಲೂ ಹೇಳಿಯೇ ಹೊರಡುತ್ತಿದ್ದರು. ಇಲ್ಲದಿದ್ದರೆ ನಾನು ಖಾಲಿ ಕುರ್ಚಿಯೊಂದಿಗೆ ಹರಟುತ್ತಾ ಕೂತಿರುತ್ತಿದ್ದೆ. ಹಾಗೆ ಕೂತದ್ದೂ ಉಂಟು, ಬೇರೆಯವರ ದಯೆಯಿಂದ.

ಊಟಿ ಮಾರುಕಟ್ಟೆಯ ಹತ್ತಿರ ಹತ್ತು ಮೆಟ್ಟಿಲು ಹತ್ತಿದರೆ ಅವರ ರಿಪೇರಿ ಅಂಗಡಿ. ಮೊದಲು ಟೈಪ್‌ರೈಟರು, ಆಮೇಲೆ ಕಂಪ್ಯೂಟರು. ಊರಿಗೆಲ್ಲ ಮೆಕ್ಯಾನಿಕ್, ನನಗೆ ಮೆಕ್ಯಾನಿಕ್ ಮಾಮ. ಊಟಿಯಾಚೆಯ ಒಂದು ಹಟ್ಟಿಯವರು, ನೀಲಗಿರಿಯ ಬಡಗ ಜನ. ನಾವು ಮೈಸೂರು ಕಡೆಯಿಂದ ಬಂದು ಗೂಡಲೂರಿನಲ್ಲಿ ದಿನಸಿ ಅಂಗಡಿ ಇಟ್ಟವರು, ಅಂಗಡಿಯ ಹಿಂದೆಯೇ ಮನೆ. ಅಪ್ಪ ಅವರನ್ನು "ಗೌಡ್ರೇ" ಎಂದರೆ ಅವರು ಅಪ್ಪನನ್ನು "ಶೆಟ್ರೇ" ಎನ್ನುತ್ತಿದ್ದರು. ನಾನು ಅವರಿಗೆ ಅಮ್ಮಿ, ಅವರ ಕಡೆ ಚಿಕ್ಕ ಹೆಣ್ಣುಮಕ್ಕಳನ್ನು ಹಾಗೆ ಕರೆಯುತ್ತಾರೆ. ಅವರ ಬಡಗ ಭಾಷೆಯೂ ನಮ್ಮ ಕನ್ನಡವೂ ಅರ್ಧರ್ಧ ಬೆರೆತ ಮಾತಿನಲ್ಲಿ ನಮ್ಮ ವ್ಯವಹಾರವೆಲ್ಲ ನಡೆಯುತ್ತಿತ್ತು.

ಯಾರು ಯಾವ ಕೆಟ್ಟ ಯಂತ್ರ ತಂದರೂ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಕೊನೆಗೆ ಏನ ಸದ್ದು ಬಂತು, ಹೇಗು." ಹೇಗು ಎಂದರೆ ಅವರ ಮಾತಿನಲ್ಲಿ ಹೇಳು ಎಂದು. ಟೈಪ್‌ರೈಟರ್ ಕಾಲದ ಅಭ್ಯಾಸ ಅದು. ಆಗ ಪಕ್ಕದ ಕೋಣೆಯಲ್ಲಿ ಕೂತು ಕೇಳಿಯೇ, ಯಾವ ಅಕ್ಷರದ ಕಡ್ಡಿ ಬಾಗಿದೆ ಎಂದು ಹೇಳುತ್ತಿದ್ದರಂತೆ. ಗಿರಾಕಿಗಳಿಗೆ ಈ ಪ್ರಶ್ನೆ ಕೇಳಿದರೆ ರೇಗುತ್ತಿತ್ತು. "ಸದ್ದು ಯಾರ್ರೀ ಕೇಳ್ತಾರೆ, ಓಡ್ತಾ ಇಲ್ಲ, ಅಷ್ಟೇ" ಎನ್ನುವವರೇ ಎಲ್ಲ. ಮಾಮ ಮಾತ್ರ ಬಿಡುತ್ತಿರಲಿಲ್ಲ.

ನನ್ನ ಕಂಪ್ಯೂಟರನ್ನು ಜೋಡಿಸಿಕೊಟ್ಟವರು ಅವರೇ. ಅದರಲ್ಲಿ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಒಂದು ಆ್ಯಪ್ ಇದೆ. ನಾನು ಒತ್ತುವ ಪ್ರತಿ ಅಕ್ಷರವನ್ನೂ ಅದು ಹೇಳಬೇಕು. ಅದು ಬಾಯಿ ಮುಚ್ಚಿದರೆ ನನ್ನ ಪಾಲಿಗೆ ಕಂಪ್ಯೂಟರು ಒಂದು ತಗಡಿನ ಡಬ್ಬ. ಅದರ ದನಿ ಹೆಂಗಸಿನದಾದ್ದರಿಂದ ಅಮ್ಮ ಅದನ್ನು "ಮಾತಾಡೋ ಹುಡುಗಿ" ಎಂದು ಕರೆಯುತ್ತಿದ್ದಳು. ಹುಡುಗಿಗೆ ನಮ್ಮ ಸೀಮೆಯ ಹೆಸರುಗಳು ಬಾಯಿಗೆ ಹತ್ತುತ್ತಿರಲಿಲ್ಲ. ಉದಕಮಂಡಲವನ್ನು ಬಿಕ್ಕಳಿಕೆ ಬಂದವಳ ಹಾಗೆ ನಾಲ್ಕು ತುಂಡು ಮಾಡುತ್ತಿದ್ದಳು. ಯಾವ ಪದವನ್ನು ಹೇಗೆ ಹೇಳಬೇಕೆಂದು ಅದಕ್ಕೆ ಒಂದೊಂದಾಗಿ ಕಲಿಸುವ ಪಟ್ಟಿಯೊಂದಿದೆ. ಒಂದು ವರ್ಷ ಕೂತು ಊರು, ರೋಗ, ಔಷಧಿ ಎಲ್ಲ ಸೇರಿಸಿ ಆ ಪಟ್ಟಿ ತುಂಬಿಸಿದ್ದೆ.

ಔಷಧಿ ಯಾಕೆಂದರೆ, ಕೊಯಮತ್ತೂರಿನ ಒಂದು ಆಸ್ಪತ್ರೆಯವರು ನನ್ನನ್ನು ಹತ್ತು ದಿನದ ಪರೀಕ್ಷೆಗೆ ತೆಗೆದುಕೊಂಡಿದ್ದರು. ವೈದ್ಯರು ಮಾತಿನಲ್ಲಿ ಹೇಳಿ ಕಳಿಸುವ ವರದಿಗಳನ್ನು ಕೇಳಿ ಟೈಪ್ ಮಾಡುವ ಕೆಲಸ, ಮನೆಯಿಂದಲೇ. ಕೊನೆಯ ಕಂತು ಸೋಮವಾರ ಮಧ್ಯಾಹ್ನದೊಳಗೆ ಅವರಿಗೆ ಸೇರಬೇಕು. ಅಪ್ಪ ಕೆಟ್ಟವನಲ್ಲ, ಆದರೆ ನನ್ನ ಕಷ್ಟ ನೋಡಲಾರದೆ, "ಇದು ಆಗದಿದ್ರೆ ಸಾಕು ಮಗಳೇ. ಆ ಪೆಟ್ಟಿಗೆ ಕೊಟ್ಟುಬಿಡೋಣ, ಅಂಗಡಿ ಫೋನ್ ಎತ್ಕೊಂಡು ಆರಾಮಾಗಿರು" ಎಂದು ಹೇಳಿಬಿಟ್ಟಿದ್ದ. ಆರಾಮು! ಇಪ್ಪತ್ತಾರನೆಯ ವಯಸ್ಸಿಗೆ, ಬೇಳೆ ಮೂಟೆಯ ಪಕ್ಕದಲ್ಲಿ ಬದುಕಿಡೀ ಆರಾಮು!

ಆ ವಾರವೇ ಕಂಪ್ಯೂಟರಿನ ಫ್ಯಾನು ಬೊಬ್ಬೆ ಹೊಡೆಯತೊಡಗಿತು. ಅಪ್ಪ ಗುರುವಾರ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಊಟಿಗೆ ಒಯ್ದು, ಮಾಮ ಧೂಳು ತೆಗೆದುಕೊಟ್ಟದ್ದನ್ನು ಶನಿವಾರ ಬೆಳಿಗ್ಗೆ ವಾಪಸು ತಂದ. ತಂತಿಗಳನ್ನೆಲ್ಲ ಚುಚ್ಚಿ ಶುರುಮಾಡಿದೆ. ಹುಡುಗಿ ಮಾತಾಡಲಿಲ್ಲ. ಮತ್ತೆ ಶುರುಮಾಡಿದೆ. ಊಹೂಂ. ನನ್ನ ಜೀವ ಬಾಯಿಗೆ ಬಂತು.

ಬಸ್‌ಸ್ಟ್ಯಾಂಡಿನ ಕಂಪ್ಯೂಟರ್ ಅಂಗಡಿಯ ಮಲಯಾಳಿಯೊಬ್ಬನನ್ನು ಅಪ್ಪ ಕರೆದುಕೊಂಡು ಬಂದ. ಆತ ಬಂದವನೇ, "ಕುಳಪ್ಪಮಿಲ್ಲ ಚೇಚೀ, ಸ್ಕ್ರೀನಲ್ಲಿ ಎಲ್ಲ ಚೆನ್ನಾಗಿ ಬರ್ತಾ ಇದೆ" ಎಂದ. ತೊಂದರೆಯೇ ಇಲ್ಲವಂತೆ! ಸ್ಕ್ರೀನು ಚೆನ್ನಾಗಿದ್ದರೆ ನಾನದನ್ನು ಏನು ಮಾಡಲಿ, ಆರತಿ ಎತ್ತಲೇ? ಓದುವ ಆ್ಯಪ್ ಏಳುತ್ತಿಲ್ಲ ಎಂದು ಬಿಡಿಸಿ ಹೇಳಿದ ಮೇಲೆ, "ಓ, ಅದಾ. ತೆಗೆದುಹಾಕಿ ಹೊಸದು ಹಾಕಿದ್ರೆ ಆಯ್ತು, ಹಳೇದೆಲ್ಲ ಕ್ಲೀನ್" ಎಂದ. ಹಳೆಯದೆಂದರೆ ನನ್ನ ಒಂದು ವರ್ಷದ ಪಟ್ಟಿ. "ಕೈ ತೆಗೀರಿ ಅದರ ಮೇಲಿಂದ!" ಎಂದು ಕಿರುಚಿದೆ. ಆತ ಹೆದರಿ ಎದ್ದುಹೋದ.

ಅಪ್ಪ ಮಾಮನಿಗೆ ಫೋನ್ ಮಾಡಿದ. "ಅಮ್ಮಿ ಹತ್ರ ಕೊಡಿ ಶೆಟ್ರೇ" ಎಂದರಂತೆ. ನಾನು ಫೋನ್ ಹಿಡಿದು ಒದರತೊಡಗಿದೆ. ಒದರುವಷ್ಟು ಬಿಟ್ಟು ಆಮೇಲೆ ಕೇಳಿದರು.

"ಕೊನೆಗೆ ಏನ ಕೇಳಿಸ್ತು, ಹೇಗು."

"ಏನೂ ಇಲ್ಲ ಮಾಮ, ಅದೇ ತಾನೇ ನನ್ನ ಗೋಳು!"

"ಇನ್ನೊಂದ್ಸಲ ಶುರುಮಾಡು. ಸ್ಪೀಕರಿಗೆ ಕಿವಿ ಇಡು."

ಅಂಗಡಿಯ ಗದ್ದಲ ಕೇಳದಿರಲೆಂದು ಬಾಗಿಲು ಹಾಕಿಸಿ, ಸ್ಪೀಕರಿಗೆ ಕಿವಿ ಒತ್ತಿ ಶುರುಮಾಡಿದೆ. ಕೇಳಿಸಿತು. ಸಣ್ಣದೊಂದು ಟುಣ್ ಟುಣ್, ಆ್ಯಪ್ ಎದ್ದಾಗ ಮಾಡುವ ಸದ್ದು. ಅದು ಮುಗಿಯುವ ಮೊದಲೇ ಕತ್ತರಿಸಿದಂತೆ ನಿಂತಿತು. ಹಾಗೆಂದು ಹೇಳಿದೆ.

"ಹಾಗಾದ್ರೆ ಅದು ಏಳ್ತಾ ಇದೆ. ಎದ್ದು ಬೀಳ್ತಾ ಇದೆ. ಏಳದೇ ಇರೋದು ಬೇರೆ, ಎದ್ದು ಬೀಳೋದು ಬೇರೆ. ಒಳಗೆ ಯಾವುದೋ ಕಾಲು ಕೊಟ್ಟು ಬೀಳಿಸ್ತಾ ಇದೆ." ಆಮೇಲೆ ದನಿ ತಗ್ಗಿಸಿದರು. "ತಪ್ಪು ನನ್ನದು, ಅಮ್ಮಿ. ಧೂಳು ತೆಗೆದವ ಹಾಗೇ ಆ ಆ್ಯಪಿನ ಅಪ್‌ಡೇಟನ್ನೂ ಹಾಕಿಬಿಟ್ಟೆ. ಪರದೆ ನೋಡಿದೆ, ಎಲ್ಲ ಸರಿ ಇತ್ತು. ನಿನ್ನ ಮೆಷಿನಿಗೆ ಸ್ಪೀಕರ್ ಹಚ್ಚಿ ನೋಡಬೇಕು ಅಂತ ಹೊಳೀಲೇ ಇಲ್ಲೆ. ಇಷ್ಟು ವರ್ಷ ಸದ್ದು ಸದ್ದು ಅಂದವ ನಾನೇ."

ದೊಡ್ಡವರೊಬ್ಬರು ನನ್ನ ಬಳಿ ಹೀಗೆ ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ಬೈಯಲೆಂದು ಬಾಯಿ ತೆರೆದಿದ್ದವಳು ಈಗೇನು ಮಾಡೋದು ಎಂದಷ್ಟೇ ಕೇಳಿದೆ. ನಾಳೆ ಮೊದಲ ಬಸ್ಸಿಗೆ ಬರುತ್ತೇನೆ, ಅಲ್ಲಿಯವರೆಗೆ ಯಾರೂ ಏನನ್ನೂ ಅಳಿಸಬೇಡಿ ಎಂದರು.

ಭಾನುವಾರ ಬೆಳಿಗ್ಗೆ ಕೊಡೆಯ ತುದಿ ಮೆಟ್ಟಿಲ ಮೇಲೆ ಟಕ್ಕೆಂದಿತು. "ಬಂದೆ." ಮೆಷಿನ್ ಎಣ್ಣೆ, ನೀಲಗಿರಿ ತೈಲ ಎರಡೂ ಸೇರಿದ ಅವರ ವಾಸನೆ ಬಂತು. ಅಮ್ಮ ಕೊಟ್ಟ ಸಕ್ಕರೆಯಿಲ್ಲದ ಚಹಾವನ್ನು ಪಕ್ಕಕ್ಕಿಟ್ಟು ಮೊದಲು ಮಾಡಿದ ಕೆಲಸ ನನ್ನ ಪಟ್ಟಿಯನ್ನು ಪೆನ್‌ಡ್ರೈವಿಗೆ ತೆಗೆದು ಅದನ್ನು ನನ್ನ ಅಂಗೈಯಲ್ಲಿಟ್ಟದ್ದು. "ನಿನ್ನ ಗಂಟು ನಿನ್ನ ಕೈಯಲ್ಲಿದೆ. ಇನ್ನು ಏನಾದ್ರೂ ಹೆದರಿಕೆ ಇಲ್ಲೆ." ಆಮೇಲೆ ಒಂದು ಕ್ಲಿಕ್ ಸದ್ದಾಯಿತು.

"ಏನದು ಮಾಮ?"

"ಪರದೆ ಆರಿಸಿದೆ. ಮೊನ್ನೆ ಅದನ್ನೇ ನಂಬಿ ಕೆಟ್ಟೆ. ಈಗ ಕೀಲಿಮಣೆ ನಿನ್ನದು, ಬಾಯಿ ನನ್ನದು."

ಅವರು ಒಂದೊಂದೇ ಅಕ್ಷರ ಹೇಳಿದರು, ನಾನು ಒತ್ತಿದೆ. ಆ್ಯಪಿಗೆ ನಾನು ಹೊರಗಿನಿಂದ ತಂದು ಸೇರಿಸಿದ್ದ ಏಳು ಚಿಲ್ಲರೆ ಜೋಡಣೆಗಳಿದ್ದವು, ಆಡ್-ಆನ್ ಎನ್ನುತ್ತಾರಲ್ಲ, ಅವು. ಆ ಏಳನ್ನೂ ಹೊರಗಿಟ್ಟು ಬರಿಯ ಆ್ಯಪನ್ನು ಮಾತ್ರ ಎಬ್ಬಿಸುವ ಅಪ್ಪಣೆ ಅದು. ಎಂಟರ್ ಒತ್ತಿದೆ. ಟುಣ್ ಟುಣ್. ಆಮೇಲೆ ಮಾತು! ಆ್ಯಪಿನ ಜೊತೆಗೇ ಬರುವ ಗಂಡಸಿನ ದನಿ, ಮೂಗು ಕಟ್ಟಿದವನ ಇಂಗ್ಲಿಷ್, ಆದರೂ ಮಾತು! ಒಳಗಿನಿಂದ ಅಮ್ಮ ಓಡಿಬಂದು, "ಅಯ್ಯೋ, ಹುಡುಗಿ ಗಂಡಾಗಿಬಿಟ್ಟಳಲ್ಲೇ!" ಎಂದಳು. ನಗುತ್ತಾ ನಗುತ್ತಾ ನನಗೆ ಅಳು ಬಂದುಬಿಟ್ಟಿತು.

ಆಮೇಲೆ ಕಳ್ಳನನ್ನು ಹಿಡಿಯುವ ಕೆಲಸ. ಒಂದು ಜೋಡಣೆ ಹಾಕುವುದು, ಆ್ಯಪನ್ನು ಮುಚ್ಚಿ ಎಬ್ಬಿಸುವುದು, ಕೇಳುವುದು. ಮತ್ತೊಂದು ಹಾಕುವುದು, ಮುಚ್ಚುವುದು, ಎಬ್ಬಿಸುವುದು. ಮೂರನೆಯದಕ್ಕೇ ನನ್ನ ತಾಳ್ಮೆ ತೀರಿತು. "ಉಳಿದದ್ದೆಲ್ಲ ಒಟ್ಟಿಗೆ ಹಾಕೋಣ ಮಾಮ, ಹೊತ್ತಾಗ್ತಿದೆ."

"ಎರಡು ಒಟ್ಟಿಗೆ ಹಾಕಿ ಬಿದ್ರೆ, ಬೀಳಿಸಿದ್ದು ಯಾವುದು ಅಂತ ಯಾರನ್ನ ಕೇಳ್ತೀ? ಒಂದೊಂದೇ, ಅಮ್ಮಿ. ನಿಧಾನ ಅಲ್ಲ ಇದು, ಇದೇ ಬೇಗ."

ಆರನೆಯದಕ್ಕೆ ಸಿಕ್ಕಿಬಿತ್ತು. ಟುಣ್ ಟುಣ್, ಕತ್ತರಿ. ಅದು ಬೇರೆ ಯಾವುದೂ ಅಲ್ಲ, ಮೂರು ವರ್ಷದಿಂದ ನಾನು ಕೇಳುತ್ತಿದ್ದ ಹುಡುಗಿಯ ದನಿಯೇ. ಹಳೆಯ ಜೋಡಣೆ, ಹೊಸ ಆ್ಯಪಿನ ಜೊತೆ ಹೊಂದಿಕೊಳ್ಳಲಿಲ್ಲ. ಅವಳನ್ನು ಬಿಟ್ಟು ಉಳಿದ ಆರನ್ನೂ ಹಾಕಿದೆವು. ಮೂಗು ಕಟ್ಟಿದ ಗಂಡಸೇ ಗತಿ. ನನ್ನ ಪಟ್ಟಿ ಏನಾಯಿತೋ ಎಂಬ ದಿಗಿಲಿನಲ್ಲೇ ನಮ್ಮ ಕಡೆಯ ಒಂದು ಊರಿನ ಹೆಸರನ್ನು, ಚೇರಂಬಾಡಿ ಎಂದು, ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದೆ. ಆ ಗಂಡಸು ನಮ್ಮೂರ ಬಸ್ ಕಂಡಕ್ಟರನ ಹಾಗೆ ಸ್ಪಷ್ಟವಾಗಿ "ಚೇರಂಬಾಡಿ" ಎಂದ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮಾಮ ಅಷ್ಟಕ್ಕೆ ಬಿಡಲಿಲ್ಲ. ಮೂರು ಸಲ ಪೂರ್ತಿ ಆರಿಸಿ ಹೊತ್ತಿಸಲು ಹೇಳಿ, ಮೂರು ಸಲವೂ ತಾವು ಸ್ಪೀಕರಿಗೆ ಕಿವಿಗೊಟ್ಟು ಕೂತರು. ಆಮೇಲೆಯೇ ಆರಿ ಹೋಗಿದ್ದ ಚಹಾ ಕುಡಿದದ್ದು.

ಹೊರಡುವ ಮುಂಚೆ ನನ್ನೆದುರು ನಿಂತರು. "ನಮ್ಮಲ್ಲಿ ದೊಡ್ಡವರು ಹರಸೋವಾಗ ಚಿಕ್ಕವರ ತಲೆ ಮೇಲೆ ಕೈ ಇಡ್ತೇವೆ. ಹೇಳದೆ ಮುಟ್ಟಿದ್ರೆ ನೀನು ಬೆಚ್ಚುತ್ತೀ, ಅದಕ್ಕೆ ಹೇಳಿದೆ. ಇಡಲಾ?" ತಲೆ ಬಗ್ಗಿಸಿದೆ. ಉಗುರಿಲ್ಲದ ಹೆಬ್ಬೆರಳು ಹಣೆಯ ಮೇಲೆ ಬಂತು. ತಮ್ಮ ಮಾತಿನಲ್ಲಿ ಉದ್ದಕ್ಕೆ ಏನೋ ಹರಸಿದರು. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಕೊನೆಯ ವರದಿ ಕಳಿಸಿದೆ. ಕೆಲಸ ಸಿಕ್ಕಿತು. ಇವತ್ತಿಗೂ ಅದೇ ಕೆಲಸದಲ್ಲಿದ್ದೇನೆ. ಅಂಗಡಿಯ ಫೋನನ್ನು ಅಪ್ಪನೇ ಎತ್ತಿಕೊಳ್ಳುತ್ತಾನೆ.

ಆಮೇಲೆ ಮಾಮ ತಮ್ಮ ಅಂಗಡಿಯಲ್ಲೊಂದು ಪದ್ಧತಿ ಇಟ್ಟುಕೊಂಡರು. ಕಣ್ಣಿಲ್ಲದವರ ಯಂತ್ರ ಯಾವುದೇ ಬರಲಿ, ರಿಪೇರಿ ಮುಗಿದ ಮೇಲೆ ಪರದೆ ಆರಿಸಿ, ಕೇಳಿ ನೋಡಿದ ಮೇಲೆಯೇ ವಾಪಸು ಕೊಡುವುದು. ಯಾಕೆಂದು ಯಾರಾದರೂ ಕೇಳಿದರೆ, "ಒಮ್ಮೆ ತಪ್ಪು ಮಾಡಿದ್ದೇನೆ" ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರಂತೆ. ಒಂದು ತಪ್ಪನ್ನು ಅಷ್ಟು ಜತನವಾಗಿ ಇಟ್ಟುಕೊಂಡವರನ್ನು ನಾನು ಬೇರೆ ಕಾಣೆ.

ಹೋದ ವರ್ಷ ಇನ್ನೊಂದು ಅಪ್‌ಡೇಟ್ ಬಂದು ನನ್ನ ಯಂತ್ರ ಮತ್ತೆ ಮೂಕವಾಯಿತು. ಆ ಹೊತ್ತಿಗೆ ಮಾಮನಿಗೆ ಲಕ್ವ ಹೊಡೆದು ಬಲಗೈಯೂ ಹೋಗಿತ್ತು, ಮಾತೂ ಹೋಗಿತ್ತು. ನಾನೊಬ್ಬಳೇ ಬಾಗಿಲು ಹಾಕಿಕೊಂಡು ಕೂತು, ಸದ್ದು ಕೇಳಿ, ಒಂದೊಂದೇ ತೆಗೆದು ಹಾಕಿ ಸರಿಮಾಡಿಕೊಂಡೆ. ಮರುದಿನವೇ ಅಪ್ಪನ ಜೊತೆ ಅವರ ಹಟ್ಟಿಗೆ ಹೋದೆ. "ಎಡಗೈ ಆಡ್ತದೆ, ಅಮ್ಮಿ. ಹೌದು ಅಂದ್ರೆ ಒಂದು ಸಲ ತಟ್ಟುತ್ತಾರೆ" ಎಂದರು ಅವರ ಹೆಂಡತಿ. ಮಂಚದ ಪಕ್ಕ ಕೂತು, ಏನು ಕೇಳಿಸಿತು, ಯಾವುದನ್ನು ತೆಗೆದೆ, ಎಷ್ಟನೆಯದು ಕಳ್ಳ, ಎಲ್ಲವನ್ನೂ ಬಿಡದೆ ಒಪ್ಪಿಸಿದೆ. ಪ್ರತಿಯೊಂದಕ್ಕೂ ಮಂಚದ ಮರ ಟಕ್ ಎನ್ನುತ್ತಿತ್ತು.

"ಮಾಮ, ನಿಮ್ಮ ಬಲಗೈ ಎತ್ತಿ ನನ್ನ ತಲೆ ಮೇಲೆ ಇಟ್ಕೊಳ್ತೇನೆ. ಹೇಳದೆ ಮುಟ್ಟಿದ್ರೆ ನೀವು ಬೆಚ್ಚುತ್ತೀರಿ, ಅದಕ್ಕೆ ಹೇಳಿದೆ. ಆಗ್ಬಹುದಾ?"

ಮಂಚದ ಮೇಲೆ ಕೈ ಸರಿದ ಸದ್ದು ಕೇಳಿಸಿತು. ಆಮೇಲೆ ಟಕ್ ಎಂದಿತು. ಕೈ ತುಂಬ ಭಾರವಾಗಿತ್ತು. ಎಣ್ಣೆಯ ವಾಸನೆ ಹೋಗಿ ಬರಿಯ ಸೋಪಿನ ವಾಸನೆ ಇತ್ತು. ಹೆಬ್ಬೆರಳು ಮಾತ್ರ ಅದೇ.

ತಿಂಗಳು ತುಂಬುವ ಮೊದಲೇ ಅವರು ಹೋದರು.

ಮೊನ್ನೆ ಚೇರಂಬಾಡಿಯಿಂದ ಒಬ್ಬ ಹೆಣ್ಣುಮಗಳು ಯಾರಿಂದಲೋ ನನ್ನ ನಂಬರು ಪಡೆದು ಫೋನ್ ಮಾಡಿದ್ದಳು. ಅವಳಿಗೂ ಕಣ್ಣು ಕಾಣುವುದಿಲ್ಲ, ಕಾಲೇಜಿನಲ್ಲಿ ಓದುತ್ತಾಳೆ. ಅಪ್‌ಡೇಟ್ ಆದ ಮೇಲೆ ಕಂಪ್ಯೂಟರು ಮಾತಾಡುತ್ತಿಲ್ಲ, ಗುರುವಾರ ಪ್ರಬಂಧ ಕೊಡಬೇಕು. "ಎಲ್ಲಾರೂ ಸ್ಕ್ರೀನ್ ಚೆನ್ನಾಗಿದೆ ಅಂತಾರೆ, ಅಕ್ಕ" ಎನ್ನುತ್ತಲೇ ಅತ್ತುಬಿಟ್ಟಳು. ಅವಳು ಅತ್ತು ಮುಗಿಸುವವರೆಗೆ ಸುಮ್ಮನೆ ಕಾದೆ. ಕಾಯುವುದು ನನ್ನ ಜಾಯಮಾನವಲ್ಲ, ಆದರೂ ಕಾದೆ.

"ಬಾಗಿಲು ಹಾಕಿ ಬಾ. ಸ್ಪೀಕರಿಗೆ ಕಿವಿ ಇಡು" ಎಂದೆ. "ಈಗ ಶುರುಮಾಡು. ಕೊನೆಗೆ ಏನ ಕೇಳಿಸ್ತು, ಹೇಗು ಅಮ್ಮಿ."

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಅಮ್ಮಿ ಎನ್ನುವುದಿಲ್ಲ. ಬಾಯಿಗೆ ತಾನಾಗಿ ಬಂದುಬಿಟ್ಟಿತ್ತು.