ಹಂಚಿನಾಳ ಡಾಕ್ಟರ ಸಂಶಯ

ಹಂಚಿನಾಳ ಡಾಕ್ಟರು ರೋಗಿಯ ಹೊಟ್ಟೆ ಒತ್ತುವಾಗ ಹೊಟ್ಟೆಯನ್ನು ನೋಡುತ್ತಿರಲಿಲ್ಲ, ಮುಖವನ್ನು ನೋಡುತ್ತಿದ್ದರು. ಅದೂ ಎಂಥ ನೋಟ! ಕಳವು ಮಾಡಿದವನನ್ನು ಹಿಡಿದು ತಂದಂತೆ. ನೋವು ಎಲ್ಲಿ ಎಂದು ಕೇಳುವ ಮೊದಲೇ "ಆಟೋ ಹಂಪ್ ಮ್ಯಾಲೆ ಜಿಗದಾಗ ಕೈ ಎಲ್ಲಿ ಹೋತು?" ಎನ್ನುತ್ತಿದ್ದರು. ಕೇಶ್ವಾಪುರದ ಅವರ ಸಣ್ಣ ಆಸ್ಪತ್ರೆಗೆ ಬಂದವರೆಲ್ಲರ ಮೇಲೂ ಸಂಶಯ. "ಮಂದಿ ಬೇಕಂತ ಸುಳ್ಳ ಹೇಳಂಗಿಲ್ರಿ. ಆದ್ರ ಪೂರಾ ಖರೇನೂ ಹೇಳಂಗಿಲ್ಲ" ಎಂಬುದು ಅವರ ಮಾತು.

ನಾನೂ ಕಡಿಮೆಯವನಲ್ಲ. ಗ್ಯಾರೇಜು ನಡೆಸುವವನು, ಗಾಡಿ ಬಿದ್ದೇ ಇಲ್ಲವೆಂದು ಆಣೆ ಮಾಡುವ ಗಿರಾಕಿಗಳನ್ನು ದಿನವೂ ನೋಡುತ್ತೇನೆ. ರಂಜಾನಿನಲ್ಲಿ ಹೊಟ್ಟೆನೋವೆಂದು ತಂಗಿ ಶಬಾನಾಳನ್ನು ಅಲ್ಲಿಗೆ ಕರೆದೊಯ್ದಾಗ ನನಗೆ ಡಾಕ್ಟರ ಮೇಲೆಯೇ ಗುಮಾನಿ. ಸುಮ್ಮಸುಮ್ಮನೆ ಕೊಯ್ದುಬಿಟ್ಟರೆ?

ಅವರ ಜೊತೆಗಿದ್ದ ಲೇಡಿ ಡಾಕ್ಟರು ಅಪೆಂಡಿಕ್ಸ್ ಇರಬಹುದೇ ಎಂದು ಅಂಕ ಹಾಕಿದರು. ಹಸಿವಿಲ್ಲದಿದ್ದರೆ, ವಾಕರಿಕೆ ಬಂದರೆ, ಜ್ವರವಿದ್ದರೆ, ಒತ್ತಿದಲ್ಲಿ ನೊಂದರೆ, ರಕ್ತದಲ್ಲಿ ಬಿಳಿಕಣ ಏರಿದ್ದರೆ ಇಷ್ಟಿಷ್ಟು ಅಂಕ. ಒತ್ತಿದಾಗಿನ ನೋವೊಂದು ಬಿಟ್ಟು ಶಬಾನಾಳಿಗೆ ಏನೂ ಸಿಗಲಿಲ್ಲ. ರಕ್ತವೂ ಸರಿಯಿತ್ತು. ಹಸಿವನ್ನು ಕೇಳಿದರೆ "ರೋಜಾ ಐತ್ರಿ" ಎಂದಳು, ಅವರು ಅದನ್ನು ಬಿಟ್ಟುಬಿಟ್ಟರು. ಮನೆಗೆ ಹೋಗಬಹುದು ಎಂದರು. ನಾನು ಚಪ್ಪಲಿ ಮೆಟ್ಟಿದೆ.

"ತಡೀರಿ" ಎಂದರು ಹಂಚಿನಾಳರು. "ಇವತ್ತ ರೋಜಾ, ಖರೇ. ನಿನ್ನಿ ಇಫ್ತಾರದಾಗ ಏನ್ ತಿಂದಿ ತಂಗಿ?"

"ಖಜೂರ ರೀ."

"ನುಂಗಿದೇನು?"

ಶಬಾನಾ ಅಳತೊಡಗಿದಳು. ಖರ್ಜೂರವನ್ನು ಬಾಯಿಗೆ ಹಚ್ಚಿದಂತೆ ಮಾಡಿ ದುಪಟ್ಟಾದಲ್ಲಿ ಮುಚ್ಚಿಟ್ಟಿದ್ದಳಂತೆ. ನಸುಕಿನ ಸಹರಿ ಊಟದಲ್ಲೂ ಹಾಗೆಯೇ. ಅನ್ನ ಕಂಡರೆ ವಾಕರಿಕೆ. ಗೊತ್ತಾದರೆ ಅಮ್ಮಿ ರೋಜಾ ಬಿಡಿಸುತ್ತಾಳೆಂಬ ಹೆದರಿಕೆ. ನಾವೆಲ್ಲ ಅವಳು ಹಗಲೆಲ್ಲ ತಿನ್ನದಿರುವುದನ್ನು ಶ್ರದ್ಧೆಯೆಂದು ಮೆಚ್ಚುತ್ತ ಕೂತಿದ್ದೆವು.

ಅವರು ನಮ್ಮನ್ನು ಕಳಿಸಲಿಲ್ಲ. ಸಂಜೆ ಮತ್ತೆ ರಕ್ತ ತೆಗೆಸಿದರು. "ಒಮ್ಮೆ ತಗದಿದ್ದು ಸಾಲಂಗಿಲ್ಲೇನ್ರಿ?" ಎಂದು ನಾನು ಜಗಳಕ್ಕೇ ನಿಂತೆ.

"ಒಂದ ರಿಪೋರ್ಟ್ ನಾ ನಂಬಂಗಿಲ್ರಿ. ಏರಾಕತ್ತೈತೋ ಇಳ್ಯಾಕತ್ತೈತೋ ಎರಡನೇದ್ದು ಹೇಳ್ತೈತಿ."

ಬಿಳಿಕಣ ಏರಿತ್ತು. ಒಳಗಿನ ಬಾವು ತೋರಿಸುವ ಸಿಆರ್‌ಪಿಯೂ ಏರಿತ್ತು. ಸ್ಕ್ಯಾನಿನಲ್ಲೂ ಅಪೆಂಡಿಕ್ಸ್ ಬಾತದ್ದೇ ಕಂಡಿತು. ಆಪರೇಷನ್ ಮುಗಿಸಿ ಬಂದು, ತಡ ಮಾಡಿದ್ದರೆ ಒಡೆದೇ ಹೋಗುತ್ತಿತ್ತು ಎಂದರು. ಅದನ್ನೂ ನಂಬದೆ ತೋರಿಸಿ ಎಂದೆ. ಅವರಿಗೆ ಸಿಟ್ಟು ಬರುವ ಬದಲು ಭಾರಿ ಖುಷಿಯಾಯಿತು. ಕೊಯ್ದು ತೆಗೆದದ್ದನ್ನು ಇಟ್ಟಿದ್ದ ಬಾಟಲಿ ತರಿಸಿ, "ಹಿಂಗಿರಬೇಕ್ರಿ ಮನಶ್ಯಾ!" ಎಂದರು. ಅವತ್ತಿನಿಂದ ಅವರನ್ನು ಕಂಡರೆ ನನಗೆ ಪ್ರಾಣ.

ಮರುವರ್ಷ ಈದ್‌ಗೆ ಅವರ ಮನೆಗೆ ಶಾವಿಗೆಯ ಸುರಕುಂಬಾ ಪಾಯಸ ಒಯ್ದೆ. ವಯಸ್ಸಾಗಿ ಆಸ್ಪತ್ರೆ ಬಿಟ್ಟಿದ್ದರು. "ಶಬಾನಾ ತಿಂದಳೇನು?" ಎಂದರು. ತಿಂದಳ್ರಿ ಎಂದೆ. ನಂಬಲಿಲ್ಲ. ಫೋನ್ ಹಚ್ಚಿಸಿ ಅವಳ ಬಾಯಿಂದಲೇ ಕೇಳಿ, ಆಮೇಲೆ ಚಮಚ ಎತ್ತಿದರು. ಅದೇ ಕೊನೆಯ ಭೇಟಿ.

ಈಗಲೂ ಒಮ್ಮೊಮ್ಮೆ ಶಬಾನಾ ಊಟ ಬೇಡ ಎನ್ನುತ್ತಾಳೆ. ಮನೆಯವರು ಆಗಲಿ ಎಂದು ಸುಮ್ಮನಾಗುತ್ತಾರೆ. ನಾನು ಮಾತ್ರ ಅವಳ ಮುಖವನ್ನೇ ನೋಡುತ್ತೇನೆ. ಅಂದು ಅವಳ ಮಾತು ನಂಬದಿದ್ದವರು ಹಂಚಿನಾಳ ಡಾಕ್ಟರೊಬ್ಬರೇ, ಅವರೂ ಈಗ ಇಲ್ಲ.