ಲೋಕಮ್ಮನ ಅರ್ಧ ಕುರಿ ಲೆಕ್ಕ

ಬೆಳಗಿನ ಐದೂವರೆ. ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಆನವಟ್ಟಿ ಕಡೆಯ ಮೊದಲ ಬಸ್ಸು ಹೊಗೆ ಬಿಡುತ್ತ ನಿಂತಿದೆ. ಹೂವಿನ ಮಾಳಮ್ಮ ಗೋಣಿತಾಟು ಹಾಸಿ ಇನ್ನೂ ಬುಟ್ಟಿ ಬಿಚ್ಚಿಲ್ಲ, ಆಗಲೇ ಎದುರಿಗೆ ಲೋಕಮ್ಮ. ಕಂಕುಳಲ್ಲಿ ರೆಕ್ಸಿನ್ ಚೀಲ, ಕೈಯಲ್ಲಿ ರಸೀದಿ ಪುಸ್ತಕ, ಹವಾಯಿ ಚಪ್ಪಲಿಯ ಒಂದು ಪಟ್ಟಿಗೆ ಪಿನ್ನು. "ಬೋಣಿ ಆಗೋಕೆ ಮುಂಚೆ ಕೈ ಒಡ್ಡಬ್ಯಾಡ ಅಂದಿಲ್ಲೇನೆ ನಿಂಗೆ" ಎಂದು ಮಾಳಮ್ಮ ಬೈಯುತ್ತಾಳೆ. ಬೈಯುತ್ತಲೇ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೊಡುತ್ತಾಳೆ. ಹನ್ನೊಂದು ವರ್ಷದಿಂದ ಇಬ್ಬರ ದಿನವೂ ಶುರುವಾಗುವುದು ಹೀಗೆಯೇ.

ಲೋಕಮ್ಮ ಪಟ್ಟಣದ ಒಂದು ಸೊಸೈಟಿಯ ಪಿಗ್ಮಿ ಕಲೆಕ್ಟರ್. ವಯಸ್ಸು ನಲವತ್ತಾರು, ಓದು ಏಳನೇ ಕ್ಲಾಸು. ದಿನಕ್ಕೆ ನೂರಾ ಹನ್ನೆರಡು ಜನರ ಹತ್ತಿರ ಐದು, ಹತ್ತು, ಇಪ್ಪತ್ತು ರೂಪಾಯಿ ಎತ್ತಿ, ರಸೀದಿ ಹರಿದು ಕೊಟ್ಟು, ಹನ್ನೊಂದು ಗಂಟೆಗೆ ಸೊಸೈಟಿಯ ಕ್ಯಾಶ್ ಕೌಂಟರಿಗೆ ಸುರಿಯುತ್ತಾರೆ. ಎಲ್ಲ ಸೇರಿ ಸಾವಿರದ ನಾನೂರರ ಆಸುಪಾಸು. ನೂರಕ್ಕೆ ಮೂರು ರೂಪಾಯಿ ಕಮಿಷನ್ನು. ನಲವತ್ತೆರಡು ರೂಪಾಯಿ ಅವರ ದಿನದ ಗಳಿಕೆ. ಮಳೆಗಾಲದಲ್ಲಿ ಕೊಡೆಯೂ ಅವರದೇ, ಚಪ್ಪಲಿಯೂ ಅವರದೇ.

ಇದಲ್ಲದೆ ಇನ್ನೊಂದು ಕೆಲಸವನ್ನೂ ಅವರು ಮಾಡುತ್ತಾರೆ. ಅದಕ್ಕೆ ಸಂಬಳವಿಲ್ಲ, ಕಮಿಷನ್ನಿಲ್ಲ, ಊರಿಗೆ ಅದರ ಸುದ್ದಿಯೂ ಇಲ್ಲ. ಮನೆಪತ್ರವನ್ನು ಒಬ್ಬರ ಹತ್ತಿರ ಇಟ್ಟು ಸಾಲ ತಂದವರು, ಆ ಸಾಲ ತೀರಿಸಿ ಕಡಿಮೆ ಬಡ್ಡಿಯ ಕಡೆ ಹೋಗಬೇಕೆಂದಾಗ ಲೋಕಮ್ಮನನ್ನು ಕೇಳುತ್ತಾರೆ: ಹೋಗಬಹುದಾ, ಬ್ಯಾಡವಾ?

ಕಡಿಮೆ ಬಡ್ಡಿ ಎಂದು ಬೋರ್ಡು ಬರೆಸುವವರು ಇನ್ನೊಂದು ಮಾತನ್ನು ಬರೆಸುವುದಿಲ್ಲ. ಸಾಲ ಕೊಡುವ ದಿನವೇ ನೂರಕ್ಕೆ ಇಷ್ಟು ಎಂದು ಮುಂಚೆಯೇ ಮುರಿದುಕೊಳ್ಳುತ್ತಾರಲ್ಲ, ಅದನ್ನು. ಮುರಿಯದಿದ್ದರೆ ಬಡ್ಡಿ ಹೆಚ್ಚು, ಮುರಿದರೆ ಬಡ್ಡಿ ಕಡಿಮೆ. ಯಾವುದು ಲಾಭ ಎಂದು ಕೇಳಿದರೆ ಓದಿದವರೂ ತಲೆ ಕೆರೆದುಕೊಳ್ಳುತ್ತಾರೆ. ಲೋಕಮ್ಮ ಬಡ್ಡಿಯ ಮಾತೇ ಎತ್ತುವುದಿಲ್ಲ. "ಎಷ್ಟು ದಿನ ಇಟ್ಕೊಂತೀರಿ ಈ ಸಾಲಾನ? ಮೊದ್ಲು ಅದನ್ನ ಹೇಳ್ರಿ" ಎಂದು ಕೇಳುತ್ತಾರೆ. ಆಮೇಲೆ ಲೆಕ್ಕವನ್ನು ಕೇಳಿದವರ ಕಸುಬಿಗೆ ಇಳಿಸುತ್ತಾರೆ. ಹೂವಿನವಳಿಗೆ ಮಾರಿನ ಲೆಕ್ಕ, ಹೋಟೆಲಿನವನಿಗೆ ದೋಸೆಯ ಲೆಕ್ಕ.

ಈ ಬುದ್ಧಿ ಅವರಿಗೆ ಪುಕ್ಕಟೆ ಬಂದದ್ದಲ್ಲ. ಗಂಡ ಶಿವಮೂರ್ತಪ್ಪನವರಿಗೆ ಪೇಟೆಯಲ್ಲಿ ಸಣ್ಣದೊಂದು ಬಟ್ಟೆ ಅಂಗಡಿ ಇತ್ತು. ಮನೆ ಒತ್ತೆ ಇಟ್ಟು ಹತ್ತು ಸಾವಿರ ತಂದರು. ಆಮೇಲೆ ನಾಲ್ಕಾಣೆ ಬಡ್ಡಿ ಕಡಿಮೆ ಸಿಕ್ಕಲ್ಲೆಲ್ಲ ಸಾಲ ಬದಲಿಸುತ್ತ ಹೋದರು. ಐದು ವರ್ಷದಲ್ಲಿ ಮೂರು ಸಲ. ಮೂರು ಸಲವೂ ಕೊಟ್ಟವರು ನೂರಕ್ಕೆ ಐದು ಮುರಿದುಕೊಂಡರು. ಕಡಿಮೆ ಬಿದ್ದದ್ದಕ್ಕೆ ಕೈಗಡ. ಬಡ್ಡಿ ಇಳಿಯುತ್ತ ಬಂತು, ಸಾಲ ಏರುತ್ತ ಹೋಯಿತು. ಕೊನೆಗೆ ಮನೆ ಮಾರಿಯೇ ಅದನ್ನು ತೀರಿಸಿದ್ದು. ಶಿವಮೂರ್ತಪ್ಪ ಈಗ ಅಕ್ಕಿ ಗಿರಣಿಯಲ್ಲಿ ಚೀಟಿ ಬರೆಯುತ್ತಾರೆ. "ನಮ್ಮೋರು ಬಡ್ಡಿ ನೋಡಿದ್ರು, ದಿನ ನೋಡ್ಲಿಲ್ಲ" ಎಂದು ಲೋಕಮ್ಮ ಹೇಳುವಾಗ ದೂರಿನ ದನಿ ಇಲ್ಲ. ಗಂಡ ಪಕ್ಕದಲ್ಲೇ ಕೂತು ಅವರ ಚೀಲ ಕಿತ್ತಲ್ಲಿ ಹೊಲಿಗೆ ಹಾಕುತ್ತಿರುತ್ತಾರೆ.

ಒಂದೂವರೆ ವರ್ಷದ ಹಿಂದಿನ ಮಾತು, ತೊಂಬತ್ತಾರನೇ ಇಸವಿ. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಸೊಪ್ಪು ಮಾರುವ ಗುಡ್ಡಮ್ಮ ಒಂದು ಬೆಳಿಗ್ಗೆ ಲೋಕಮ್ಮನ ಸೆರಗು ಹಿಡಿದು ಕೂರಿಸಿಕೊಂಡಳು. ಅವಳ ಗಂಡ ಗುಡ್ಡಪ್ಪ ಕುರಿ ಸಾಕುತ್ತಾನೆ. ಊರಂಚಿನ ಎರಡಂಕಣದ ಹೆಂಚಿನ ಮನೆಯ ಪತ್ರ ಇಪ್ಪತ್ತು ಸಾವಿರಕ್ಕೆ ಒಬ್ಬ ಸಾಹುಕಾರನ ಹತ್ತಿರ ಇತ್ತು. ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿ, ಪ್ರತಿ ಅಮಾವಾಸ್ಯೆಗೆ ಮುನ್ನೂರು ಒಯ್ದು ಕೊಡಬೇಕು. ಅಮಾವಾಸ್ಯೆಗೆ ಬಡ್ಡಿ ಎಣಿಸುವುದು ಈ ಕಡೆ ಹಿಂದಿನಿಂದ ಬಂದ ರೂಢಿ; ಯಾರೂ ಪ್ರಶ್ನೆ ಮಾಡುವುದಿಲ್ಲ. ಆದರೆ ಆ ವರ್ಷ ಅಧಿಕ ಆಷಾಢ ಬಿದ್ದಿತ್ತು. ವರ್ಷಕ್ಕೆ ಹದಿಮೂರು ಅಮಾವಾಸ್ಯೆ, ಹದಿಮೂರು ಬಡ್ಡಿ. ಗುಡ್ಡಮ್ಮನಿಗೆ ಅದು ಹೊಳೆದದ್ದು ಕೊಟ್ಟು ಬಂದ ಮೇಲೆ. "ಅಧಿಕ ಮಾಸದಾಗೆ ಮಂದಿ ಅಳಿಯಗೆ ಬಾಗಿನ ಕೊಡ್ತಾರೆ. ನಾವು ಸಾಹುಕಾರಗೆ ಕೊಟ್ಟು ಬಂದ್ವಿ ನೋಡಕ್ಕ" ಎಂದು ನಕ್ಕಳಂತೆ.

ನಗುವ ಹೊತ್ತಲ್ಲ ಅದು. ದೀಪಾವಳಿ ಅಮಾವಾಸ್ಯೆಗೆ ಇಪ್ಪತ್ತು ಸಾವಿರ ಪೂರ್ತಿ ತಂದಿಡಬೇಕು, ಇಲ್ಲದಿದ್ದರೆ ಮನೆಯನ್ನು ತನ್ನ ಹೆಸರಿಗೆ ಬರೆದುಕೊಡಬೇಕು ಎಂದು ಸಾಹುಕಾರ ಹೇಳಿ ಕಳಿಸಿದ್ದ. ಲೋಕಮ್ಮನ ಸೊಸೈಟಿ ಅದೇ ಪತ್ರದ ಮೇಲೆ ಇಪ್ಪತ್ತು ಸಾವಿರ ಕೊಡಲು ಒಪ್ಪಿತ್ತು. ತಿಂಗಳ ಬಡ್ಡಿ ಕಟ್ಟುತ್ತ ಹೋಗುವುದು, ಅಸಲು ಕೈಗೆ ಬಂದಾಗ ಒಟ್ಟಿಗೆ ತೀರಿಸುವುದು. ದಾರಿ ಎರಡು. ಏನೂ ಮುರಿಯದೆ ಕೊಟ್ಟರೆ ವರ್ಷಕ್ಕೆ ನೂರಕ್ಕೆ ಹದಿನೈದು, ಅಂದರೆ ತಿಂಗಳಿಗೆ ಇನ್ನೂರೈವತ್ತು. ಮೊದಲೇ ನೂರಕ್ಕೆ ಮೂರರಂತೆ ಆರುನೂರು ಮುರಿದುಕೊಂಡರೆ ಹದಿಮೂರೂವರೆ, ತಿಂಗಳಿಗೆ ಇನ್ನೂರಿಪ್ಪತ್ತೈದು. ಎರಡನೆಯದಕ್ಕೆ ಜನ ತಂದುಕೊಟ್ಟ ಕಲೆಕ್ಟರಿಗೆ ತಲೆಗೆ ನೂರು ರೂಪಾಯಿ ಇನಾಮು ಎಂದು ಸೆಕ್ರೆಟರಿ ಸಾರಿದ್ದರು. ನೂರು ರೂಪಾಯಿ ಎಂದರೆ ಲೋಕಮ್ಮನಿಗೆ ಎರಡು ದಿನಕ್ಕೂ ಮೀರಿದ ದುಡಿಮೆ.

ಆ ಸಂಜೆ ಅವರು ಗುಡ್ಡಪ್ಪನ ಹಟ್ಟಿಗೆ ಹೋದರು. ಗುಡ್ಡಪ್ಪ ಆಗಲೇ ತೀರ್ಮಾನ ಮಾಡಿಯಾಗಿತ್ತು. ಹದಿನೈದಕ್ಕಿಂತ ಹದಿಮೂರೂವರೆ ಕಡಿಮೆ ಎಂದು ಹೇಳೋಕೆ ಯಾವ ಪಂಡಿತ ಬೇಕು ಎಂದು ಕಂಬಳಿ ಕೊಡವಿದ. ಲೋಕಮ್ಮ ವಾದ ಮಾಡಲಿಲ್ಲ. ಕುರಿಗೆ ಈಗ ರೇಟೆಷ್ಟು ಎಂದು ಕೇಳಿದರು. ಬೆಳೆದ ಹೆಣ್ಣು ಕುರಿಗೆ ಆರುನೂರು ಎಂದ.

"ಹಂಗಾರೆ ಕೇಳಣ್ಣ. ಸಾಲದ ದಿನಾನೇ ಒಂದು ಕುರಿ ಸೊಸೈಟಿಗೆ ಹೊಡ್ಕೊಟ್ಟು ಬರ್ತೀಯ. ತಿಂಗಳಿಗೆ ಉಳಿಯೋದು ಇಪ್ಪತ್ತೈದು, ವರ್ಷಕ್ಕೆ ಮುನ್ನೂರು. ವರ್ಷಕ್ಕೆ ಅರ್ಧ ಕುರಿ ವಾಪಸ್ ಬರ್ತತಿ."

"ಅರ್ಧ ಕುರಿ ಯಾವ ಹಟ್ಟಿಯಾಗೆ ಮೇಯ್ತತಿ ತಾಯಿ?" ಎಂದು ಗುಡ್ಡಪ್ಪ ಕುಹಕವಾಡಿದ.

ಗುಡ್ಡಮ್ಮ ನಗಲಿಲ್ಲ. ಪೂರಾ ಕುರಿ ವಾಪಸ್ ಬರಲು ಎರಡು ವರ್ಷ ಎಂದು ಬೆರಳು ಮಡಿಸಿದಳು. ಆಮೇಲೆ ಅವಳು ಹೇಳಿದ ಮಾತನ್ನು ಯಾವ ಬ್ಯಾಂಕಿನ ಮ್ಯಾನೇಜರೂ ಹೇಳಿಕೊಟ್ಟಿರಲಿಲ್ಲ: "ಆ ಕುರಿ ಎರಡು ವರ್ಷ ನಮ್ಮತ್ರಾನೇ ಇದ್ರೆ ಮರಿ ಹಾಕ್ತಿತ್ತಲ್ಲ. ಆ ಮರಿನ ಯಾರು ಕೊಡ್ತಾರೆ?"

ಲೋಕಮ್ಮ ಆ ಕ್ಷಣವನ್ನು ಈಗಲೂ ಕಣ್ಣರಳಿಸಿ ಹೇಳುತ್ತಾರೆ. ಇಷ್ಟು ವರ್ಷ ತಾನು ಲೆಕ್ಕ ಹೇಳಿದ್ದೇ ಹೇಳಿದ್ದು, ಮರಿಯ ಲೆಕ್ಕ ತನಗೂ ಹೊಳೆದಿರಲಿಲ್ಲ ಎನ್ನುತ್ತಾರೆ.

ಗುಡ್ಡಪ್ಪ ಪಟ್ಟು ಬಿಡಲಿಲ್ಲ. ಸಾಲ ಮೂರು ವರ್ಷ ಇಟ್ಟುಕೊಳ್ಳುತ್ತೇನೆ, ಆಗ ನನಗೇ ಲಾಭ ಎಂದ. ಮೂರು ವರ್ಷ ಇಟ್ಟುಕೊಂಡರೆ ಅವನ ಮಾತೂ ಖರೆಯೇ. ಲೋಕಮ್ಮ ಅದನ್ನು ಒಪ್ಪಿದರು. ಒಪ್ಪಿ, ಚೀಲದಿಂದ ಗುಡ್ಡಮ್ಮನ ಪಿಗ್ಮಿ ಕಾರ್ಡು ತೆಗೆದರು. ದಿನಕ್ಕೆ ಇಪ್ಪತ್ತು ರೂಪಾಯಿ. ಜ್ವರ ಬಂದ ವಾರವೂ ತಪ್ಪಿಲ್ಲ, ಮಗಳ ಬಾಣಂತನದಲ್ಲೂ ತಪ್ಪಿಲ್ಲ. "ನೀವು ಸಾಲ ಇಟ್ಕೊಂಡು ನಿದ್ದೆ ಮಾಡೋ ಜಾತಿ ಅಲ್ಲಣ್ಣ. ಎರಡು ವರ್ಷದೊಳಗೆ ತೀರಿಸ್ತೀರಿ. ನನ್ನತ್ರ ಕಾರ್ಡೈತಿ" ಎಂದರು. ಇನ್ನೊಂದು ಮಾತನ್ನೂ ಸೇರಿಸಿದರು. ಆರುನೂರು ಮುರಿದುಕೊಂಡರೆ ಕೈಗೆ ಬರುವುದು ಹತ್ತೊಂಬತ್ತು ಸಾವಿರದ ನಾನೂರು. ಅಮಾವಾಸ್ಯೆಯ ದಿನ ಸಾಹುಕಾರ ಪೂರ್ತಿ ಇಪ್ಪತ್ತು ಸಾವಿರ ಕೇಳುತ್ತಾನೆ. ಆರುನೂರಕ್ಕೆ ಮನೆ ಕಳಕೊಂಡವರನ್ನು ಅವನು ಮೊದಲ ಸಲ ನೋಡುವುದೇನೂ ಅಲ್ಲ.

ಗುಡ್ಡಪ್ಪ ಸೇದುತ್ತಿದ್ದ ಬೀಡಿಯನ್ನು ನೆಲಕ್ಕೆ ಹೊಸಕಿದ. ಮನೆ ಮರೆತು ಬಡ್ಡಿ ನೋಡ್ತಿದ್ನಲ್ಲ ಎಂದು ತನ್ನನ್ನೇ ಬೈದುಕೊಂಡು ಎದ್ದ. ಮುರಿಯದ ಸಾಲವೇ ಆಯಿತು. ದೀಪಾವಳಿಗೆ ಎರಡು ದಿನ ಮುಂಚೆ ಪೂರ್ತಿ ಹಣ ಎಣಿಸಿ ಸಾಹುಕಾರನಿಂದ ಪತ್ರ ಬಿಡಿಸಿ ಸೊಸೈಟಿಗೆ ತಂದಿಟ್ಟರು. ಸೆಕ್ರೆಟರಿ ಲೋಕಮ್ಮನನ್ನು ಕರೆದು ನಾಲ್ಕು ಮಾತು ಆಡಿದರು; ವಸೂಲಿ ಮಾಡುವವರು ವಸೂಲಿ ಮಾಡಬೇಕು, ಬುದ್ಧಿ ಹೇಳಬಾರದು ಎಂದು. ಒಂಬತ್ತು ವರ್ಷ ಒಂದು ರೂಪಾಯಿ ತಪ್ಪದೆ ತಂದು ಸುರಿದ ಹೆಂಗಸಿಗೆ ಆಡುವ ಮಾತೇ ಅದು? ಲೋಕಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡು, ಮಾರನೇ ದಿನ ಐದೂವರೆಗೆ ಮತ್ತೆ ಬಸ್ ಸ್ಟ್ಯಾಂಡಿನಲ್ಲಿದ್ದರು.

ಎರಡು ಬಕ್ರೀದಿನ ಟಗರು ವ್ಯಾಪಾರ, ಜೊತೆಗೆ ದಿನಾ ಕಟ್ಟಿದ ಪಿಗ್ಮಿ. ಹದಿನೇಳನೇ ತಿಂಗಳಿಗೆ, ಹೋದ ವಾರ, ಗುಡ್ಡಪ್ಪನ ಸಾಲ ತೀರಿತು. ಮನೆಪತ್ರ ಬಿಡಿಸಿಕೊಂಡ ಮಾರನೇ ಬೆಳಿಗ್ಗೆ ಗುಡ್ಡಮ್ಮ ಅದನ್ನು ಬಸ್ ಸ್ಟ್ಯಾಂಡಿಗೇ ತಂದಳು. ಓದು ಬಾರದ ಅವಳಿಗೆ ಚೆಕ್ಕುಬಂದಿ ಕೇಳಬೇಕಿತ್ತು. ಲೋಕಮ್ಮ ಸೊಪ್ಪಿನ ಕಟ್ಟುಗಳ ನಡುವೆ ಕೂತು ಓದಿದರು: ಪೂರ್ವಕ್ಕೆ ಬೀದಿ, ಪಶ್ಚಿಮಕ್ಕೆ ಉಜ್ಜಪ್ಪನ ಹಿತ್ತಲು, ಉತ್ತರಕ್ಕೆ ಮಾರಪ್ಪನ ಗೋಡೆ, ದಕ್ಷಿಣಕ್ಕೆ ಸರ್ಕಾರಿ ಬಾವಿ. "ಇನ್ನೊಂದು ಸಲ ಓದಕ್ಕ" ಎಂದಳು ಗುಡ್ಡಮ್ಮ. ಮೂರು ಸಲ ಓದಿದ್ದಾಯಿತು. ತನ್ನ ಬುಟ್ಟಿಯೆಲ್ಲ ಒದ್ದೆ, ಸೊಪ್ಪು ಮುಗಿಯುವ ತನಕ ನಿನ್ನ ಚೀಲದಲ್ಲೇ ಇರಲಿ ಎಂದು ಪತ್ರವನ್ನು ಅವರ ಕೈಗೇ ಕೊಟ್ಟಳು.

ಅವತ್ತು ಆ ಪತ್ರ ಲೋಕಮ್ಮನ ಜೊತೆ ಇಡೀ ಪೇಟೆ ಸುತ್ತಿತು. "ನೂರಾ ಹನ್ನೆರಡು ಮಂದಿ ದುಡ್ಡು ಇತ್ರೀ ಚೀಲದಾಗೆ" ಎನ್ನುತ್ತಾರೆ ಅವರು. "ಆದ್ರೆ ನಾನು ದಾರಿಯುದ್ದಕ್ಕೂ ಮುಟ್ಟಿ ಮುಟ್ಟಿ ನೋಡ್ಕೊಂಡಿದ್ದು ಆ ಕಾಗದಾನ."