ಮುಕ್ಬಿಲನ ಲಾರಿಗೆ ಕಟ್ಟಿದ ರುಮಾಲು

ಬೆಟ್ಟದ ತಿರುವಿನಲ್ಲಿ ಲಾರಿಯ ಹಾರನ್ ಎರಡು ಸಲ ಗಿಡ್ಡಕ್ಕೆ, ಒಂದು ಸಲ ಉದ್ದಕ್ಕೆ ಕೂಗಿತೆಂದರೆ ನಜೀಬಾ ಒಲೆಯ ಮೇಲೆ ಕಿಶರಿಗೆ ನೀರಿಡುತ್ತಿದ್ದಳು. ಕಾಫಿ ಬೀಜದ ಸಿಪ್ಪೆ, ಜಜ್ಜಿದ ಶುಂಠಿ, ಒಂದು ಚೂರು ದಾಲ್ಚಿನ್ನಿ. ಅದು ಕುದಿಯುವಷ್ಟರಲ್ಲಿ ಮುಕ್ಬಿಲ್ ಅಂಗಳಕ್ಕೆ ಬಂದಿರುತ್ತಿದ್ದ. ಮದುವೆಯಾದ ಹೊಸತರಲ್ಲಿ ಈ ಗಲಾಟೆಗೆ ಅತ್ತೆ ಬೈದಿದ್ದರು.

"ನೀನು ಮನೆಗೆ ಬಂದದ್ದನ್ನ ಊರಿಗೆಲ್ಲ ಡಂಗುರ ಹೊಡೀಬೇಕೇನೋ?"

"ಊರಿಗಲ್ಲಮ್ಮ, ಒಲೆಗೆ."

ಬಾಗಿಲ ಹಿಂದೆ ನಿಂತಿದ್ದ ನಜೀಬಾ ಮುಸುಕಿನ ಅಂಚು ಬಾಯಿಗೆ ತುರುಕಿಕೊಂಡು ನಕ್ಕಿದ್ದಳು. ಆ ನಗೆ ಅವಳಿಗೆ ಈಗಲೂ ನೆನಪಿದೆ.

ಮುಕ್ಬಿಲ್ ದೊಡ್ಡ ಮನುಷ್ಯನೇನೂ ಅಲ್ಲ. ತಾಯಿಜ್ ಕಡೆಯ ಈ ಬೆಟ್ಟಗಳಲ್ಲಿ ಅಂಥ ಲಾರಿಯವರು ಎಷ್ಟೋ ಜನ. ಚೌಕಾಸಿ ಮಾಡಲು ಬಾರದು, ಹೊಟ್ಟೆಯಲ್ಲಿ ಗುಟ್ಟು ನಿಲ್ಲದು. ಅಗಿದರೆ ಅಮಲೇರುವ ಕಾತ್ ಸೊಪ್ಪನ್ನು ಕೆನ್ನೆಯಲ್ಲಿ ತುಂಬಿಕೊಂಡು ಕೂತರೆ ಮಾತು ಕೆರೆ ಕೋಡಿ ಬಿದ್ದಂತೆ. ಯುದ್ಧಕ್ಕೆ ಮುಂಚೆ ಕೆಳಗಿನ ಕಣಿವೆಯಿಂದ ಟೊಮೆಟೊ ತರುತ್ತಿದ್ದ. ಒಡೆದ ಹಣ್ಣುಗಳನ್ನೆಲ್ಲ ಮನೆಗೇ ತಂದು ಸುರಿದು, "ನಜೀಬಾ, ನಿನಗೆ ಅಂತ ಆರಿಸಿ ತಂದೆ" ಅನ್ನುತ್ತಿದ್ದ. ಆ ದಿನಗಳಲ್ಲಿ ಮನೆಯಲ್ಲಿ ಮೂರು ಹೊತ್ತೂ ಟೊಮೆಟೊ, ಹಸಿಮೆಣಸು ಅರೆದ ಚಟ್ನಿ. ಬಾಯಿ ಹುಳಿ ಹುಳಿ ಎಂದು ಆಗ ಗೊಣಗಿದವಳು ಈಗ ಆ ಒಡೆದ ಟೊಮೆಟೊಗಾಗಿ ಏನು ಬೇಕಾದರೂ ಕೊಟ್ಟಾಳು.

ಯುದ್ಧ ಬಂತು. ದಾರಿಗೆ ದಾರಿಯೇ ಕಡಿದುಹೋಯಿತು. ಪಟ್ಟಣಕ್ಕೆ ಬಂದ ಪರಿಹಾರ ಸಂಸ್ಥೆಯವರು ಮುಕ್ಬಿಲನ ಲಾರಿಯನ್ನು ಗೋಧಿಹಿಟ್ಟು ಸಾಗಿಸಲು ಹಿಡಿದರು. ಮುಂದೆ, ಹಿಂದೆ, ನೆತ್ತಿಯ ಮೇಲೆ ಅವರ ದೊಡ್ಡ ಗುರುತು ಅಂಟಿಸಿದರು. "ಮುದುಕಿಗೆ ಮದುವೆ ಬಟ್ಟೆ ಉಡಿಸಿದ ಹಾಗಾಯ್ತು" ಎಂದು ಅವನು ಲಾರಿಯ ಬೆನ್ನು ತಟ್ಟಿದ. ಆದರೆ ಹೆಮ್ಮೆ ಇತ್ತು. ಅವನು ತಂದ ಹಿಟ್ಟಿನಲ್ಲಿ ಎಷ್ಟೋ ಹಳ್ಳಿಗಳ ಒಲೆ ಉರಿಯಿತು.

ದಾರಿಯಲ್ಲಿ ಕಮಾಂಡರ್ ಶಾಯಿಫನ ಕಾವಲುಕಟ್ಟೆ. ಶಾಯಿಫ್ ಹೊರಗಿನವನಲ್ಲ, ಪಕ್ಕದ ಕಣಿವೆಯವನೇ. ಅವನ ಮನೆಯವರೂ ಅದೇ ಹಿಟ್ಟು ತಿನ್ನುತ್ತಿದ್ದರು. ಮೊದಲ ದಿನ ಅವನು ತನ್ನ ತಲೆಯ ರುಮಾಲು ಬಿಚ್ಚಿ ಮುಕ್ಬಿಲನ ಕೈಗೆ ಕೊಟ್ಟು, "ಈ ದಾರೀಲಿ ನೀನು ನನ್ನ ಮುಖದಲ್ಲಿದೀಯ, ಹೋಗು" ಎಂದ. ಈ ಬೆಟ್ಟಗಳಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಮುಖ ಕೊಟ್ಟವನ ದಾರಿಯಲ್ಲಿ ಹೋಗುವವನ ಕೂದಲು ಕೊಂಕಿದರೂ ಕೊಟ್ಟವನ ಮುಖ ಕರಿ. ಬರಿಯ ಕೊಲೆಗೆ ಎತ್ತು ಕಡಿದು ರಾಜಿಯಾಗಬಹುದು. ಮುಖ ಮುರಿದದ್ದಕ್ಕೆ ಮಾತ್ರ ಸಂತೆಯಲ್ಲಿ ನಿಂತು ಬಾಯಿಬಿಟ್ಟು ಒಪ್ಪಿಕೊಳ್ಳಬೇಕು.

ಮುಕ್ಬಿಲ್ ಮನೆಗೆ ಬಂದು ಕುಣಿದಾಡಿದ. "ನೋಡೇ, ಕಮಾಂಡರನ ಮುಖ ನನ್ನ ಲಾರಿ ಕನ್ನಡಿಗೆ ನೇತಾಡ್ತಿದೆ!"

ಅವಳು ರುಮಾಲನ್ನು ಮೂಸಿ ನೋಡಿದಳು. ಅಂಚಿನ ತುಂಬ ಹಳದಿ ಕುಚ್ಚು, ಯಾರೋ ಕೂತು ಕೈಯಲ್ಲೇ ಕಟ್ಟಿದ್ದು. "ಮುಖ ಕೊಡೋ ಮೊದಲು ತೊಳೆದಾದ್ರೂ ಕೊಡಬಾರದಿತ್ತಾ? ಬೆವರು ನಾರ್ತಿದೆ."

ಒಂದು ದಿನ ತಿರುವಿನಲ್ಲಿ ಹಾರನ್ ಕೂಗಲಿಲ್ಲ. ಲಾರಿ ಬಂತು, ಬೇರೆಯವರು ಓಡಿಸಿಕೊಂಡು ಬಂದರು. ಮಟಮಟ ಮಧ್ಯಾಹ್ನ, ಅದೇ ಕಟ್ಟೆಯ ಮುಂದೆ, ಅಷ್ಟು ದೊಡ್ಡ ಗುರುತಿದ್ದ ಲಾರಿಗೆ ಗುಂಡು ಹೊಡೆದಿದ್ದರು. ಮುಕ್ಬಿಲನ ಮೈಮೇಲೆಲ್ಲ ಹಿಟ್ಟು. ಕನ್ನಡಿಯಲ್ಲಿ ರುಮಾಲು ಕಟ್ಟಿದ ಹಾಗೇ ಇತ್ತು. ನಜೀಬಾ ಗಂಟು ಬಿಚ್ಚಿ ಅದನ್ನು ಎತ್ತಿಟ್ಟಳು.

ಪಟ್ಟಣದಿಂದ ಸಂಸ್ಥೆಯ ಹೆಂಗಸೊಬ್ಬಳು ಬಂದಳು. ಒಳ್ಳೆಯವಳು, ನಿಜವಾಗಿಯೂ ಅತ್ತಳು. "ಘಟನೆಯನ್ನ ಖಂಡಿಸಿದೀವಿ ಅಮ್ಮ. ತನಿಖೆ ಮಾಡಿ ಅಂತ ಕೇಳಿದೀವಿ."

"ಖಂಡಿಸೋದು ಅಂದ್ರೆ?" ಅತ್ತೆ ಕೇಳಿದರು.

"ಬೈಯೋದು."

"ಯಾರನ್ನ?"

"ಹೆಸರು ಹೇಳೋ ಹಾಗಿಲ್ಲಮ್ಮ. ಹೇಳಿದ್ರೆ ಉಳಿದ ಲಾರಿಗಳನ್ನೂ ಬಿಡಲ್ಲ ಅವರು."

"ಹೆಸರಿಲ್ದೆ ಬೈದ್ರೆ ಗಾಳಿಗೆ ಬೈದ ಹಾಗೆ, ಮಗಳೇ" ಎಂದು ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಆ ತನಿಖೆ ಎಲ್ಲಿಗೆ ಬಂತೆಂದು ಮತ್ತೆ ಯಾರೂ ಬಂದು ಹೇಳಲಿಲ್ಲ.

ಆಮೇಲೆ ಶಾಯಿಫನ ಎತ್ತುಗಳು ಬಂದವು. ಹೊಡೆದುಕೊಂಡು ಬಂದವರು ಊರ ಹಿರಿಯರಾದ ಶೇಖ್ ನಾಜಿ. ಎತ್ತಿನ ರಕ್ತ ಮನೆಯ ಹೊಸ್ತಿಲಿಗೆ ಬಿತ್ತೆಂದರೆ ಕತೆ ಮುಗಿಯಿತು, ಮತ್ತೆ ಯಾರೂ ಆ ಮಾತೆತ್ತುವಂತಿಲ್ಲ.

"ಏನೋ ತಪ್ಪು ತಿಳ್ಕೊಂಡು ಆಗಿಹೋಯ್ತಂತೆ" ಎಂದರು ಶೇಖರು. "ಹೊಡೆದವರು ಯಾರು ಅಂತಾನೂ ಗೊತ್ತಿಲ್ಲವಂತೆ. ದೊಡ್ಡ ಮನಸ್ಸು ಮಾಡಮ್ಮ."

"ಎತ್ತು ಬೇಡ ಶೇಖರೇ. ಅವನು ಗುರುವಾರದ ಸಂತೇಲಿ ನಿಂತು 'ಮುಕ್ಬಿಲ್ ನನ್ನ ಮುಖದಲ್ಲಿದ್ದ, ನಾನು ಮುರಿದೆ' ಅಂತ ಹೇಳ್ಲಿ. ಅಷ್ಟು ಸಾಕು."

"ಮುಖಾನೇ ಕೊಟ್ಟಿಲ್ಲ ಅಂತಾನಲ್ಲಮ್ಮ."

ಅವಳು ರುಮಾಲು ತಂದು ಮುಂದಿಟ್ಟಳು. ಶೇಖರು ಅದನ್ನು ನೋಡಿ ಗಡ್ಡ ಸವರಿಕೊಂಡರು. "ಇಂಥ ರುಮಾಲು ಯಾವ ಸಂತೇಲಿ ಸಿಗಲ್ಲ? ಇಸ್ಕೊಂಡವನೇ ಸತ್ತುಹೋದ. ಸಾಕ್ಷಿ ಯಾರು?"

ನಜೀಬಾಗೆ ಮೈಯೆಲ್ಲ ಉರಿಯಿತು. ಬದುಕಿದ್ದಾಗ ಗುಟ್ಟು ನಿಲ್ಲದ ಮನುಷ್ಯ, ಸತ್ತ ಮೇಲೆ ಸುಳ್ಳುಗಾರನಾಗಬೇಕೇ? ಅವಳು ಎತ್ತುಗಳಿಗೆ ಜೋಳದ ದಂಟು ಹಾಕಿದಳು, ನೀರು ಕುಡಿಸಿದಳು. ಅವು ತಿಂದು ಮುಗಿಸಿದ ಮೇಲೆ ಹಗ್ಗವನ್ನು ಶೇಖರ ಕೈಗೆ ಕೊಟ್ಟಳು.

"ತಪ್ಪು ಮಾಡಿದ ಬಾಯಿ ಬಂದು ಮಾತಾಡ್ಲಿ. ಮಾತು ಬಾರದ ಬಾಯಿಗಳನ್ನ ಯಾಕೆ ಕಳಿಸ್ತಾನೆ?"

ಹೊಟ್ಟೆಪಾಡು ಬಿಡುವುದಿಲ್ಲವಲ್ಲ. ನಜೀಬಾ ಸಂತೆಯಲ್ಲಿ ಲಹೂಹ್ ಸುಟ್ಟು ಮಾರಲು ಕೂತಳು. ಹುಳಿ ಬಂದ ಹಿಟ್ಟನ್ನು ಹೆಂಚಿನ ಮೇಲೆ ಸುರಿದರೆ ಮೈತುಂಬ ಕಣ್ಣು ಬಿಡುವ ಮೆತ್ತನೆಯ ರೊಟ್ಟಿ ಅದು. ಅಂಗಡಿಯ ಗಳಕ್ಕೆ ಆ ರುಮಾಲು ಕಟ್ಟಿದಳು. ಒಂದೊಂದು ರೊಟ್ಟಿ ಎತ್ತಿದಾಗಲೂ ಅದಕ್ಕೇ ಕೈ ಒರೆಸಿದಳು.

"ಚೆನ್ನಾಗಿದೆ ಕುಚ್ಚು. ಯಾರದಕ್ಕಾ?" ಎಂದು ಗಿರಾಕಿಗಳು ಕೇಳುವರು.

"ಯಾರದೂ ಅಲ್ವಂತೆ. ಯಜಮಾನ ಬಂದು ಕೇಳಿದ್ರೆ ಕೊಡ್ತೀನಿ."

ಮಳೆ ಬಂದು ಹೋಯಿತು, ಜೋಳದ ಕೊಯ್ಲಾಯಿತು. ರುಮಾಲಿನ ಬಣ್ಣ ಹಿಟ್ಟು, ಎಣ್ಣೆ, ಮಸಿಯಲ್ಲಿ ಮುಳುಗಿತು. ಹಳದಿ ಕುಚ್ಚು ಮಾತ್ರ ಕಾಣುತ್ತಿತ್ತು. ಅಷ್ಟರಲ್ಲಿ ಕೊಳ್ಳುವವರಿಗೆಲ್ಲ ಅದು ಯಾರದೆಂದು ಗೊತ್ತಾಗಿತ್ತು, ಬಾಯಿಬಿಡಲು ಎಲ್ಲರಿಗೂ ಹೆದರಿಕೆ. ಕೆಲವು ದಿನ ನಜೀಬಾಗೇ ಇದೆಲ್ಲ ಹುಚ್ಚು ಅನ್ನಿಸುತ್ತಿತ್ತು. ಒಪ್ಪಿಕೊಂಡಿದ್ದರೆ ಒಂದನ್ನು ಕಡಿದರೂ ಮಿಕ್ಕ ಎತ್ತುಗಳು ಮನೆಗೆ ಉಳಿಯುತ್ತಿದ್ದವಲ್ಲ ಎಂದು ಒಮ್ಮೆ ಅಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೇ ಅತ್ತಳು.

ಒಂದು ಗುರುವಾರ ಶಾಯಿಫನ ಬಂದೂಕಿನವನೊಬ್ಬ ಕೆನ್ನೆ ತುಂಬ ಕಾತ್ ಇಟ್ಟುಕೊಂಡು ಸಂತೆಗೆ ಬಂದ. ಅವಳು ಕೈ ಒರೆಸುವುದನ್ನು ನೋಡಿ ಅಲ್ಲೇ ನಿಂತುಬಿಟ್ಟ.

"ಏಯ್ ಅಕ್ಕಾ, ಅದನ್ನ ತೆಗಿ! ಕಮಾಂಡರ ರುಮಾಲಿಗೆ ಹಿಟ್ಟಿನ ಕೈ ಒರೆಸ್ತೀಯಾ?"

ನಜೀಬಾ ಹೆಂಚು ಕೆಳಗಿಳಿಸಿದಳು. "ಕಿವಿ ಮಂದ ನಂಗೆ. ಯಾರದು ಅಂದೆ?"

"ಶಾಯಿಫರದು!" ಅವನು ಸಂತೆಗೆ ಸಂತೆಯೇ ತಿರುಗಿ ನೋಡುವಂತೆ ಕೂಗಿದ. "ಆ ಕುಚ್ಚು ಅವರ ತಾಯಿ ಕೈಯಾರೆ ಕಟ್ಟಿದ್ದು! ಅಂಥದ್ದು ಈ ಕಣಿವೇಲಿ ಇನ್ನೊಂದಿಲ್ಲ!"

"ಅಂಥದ್ದು ನನ್ನ ಗಂಡನ ಲಾರಿಗೆ ಹೇಗಪ್ಪಾ ಬಂತು?"

ಕಾತ್ ಸೊಪ್ಪಿನ ಹಸಿರು ಎಂಜಲು ಅವನ ಗಡ್ಡಕ್ಕಿಳಿಯಿತು. ಕಮಾಂಡರನ ಮಾನ ಕಾಯಲು ಬಂದು ಅದನ್ನೇ ಹರಾಜಿಗಿಟ್ಟಿದ್ದ. ಪಕ್ಕದಲ್ಲಿ ಹೊಗೆಸೊಪ್ಪು ಆರಿಸುತ್ತಿದ್ದ ಶೇಖ್ ನಾಜಿ ನಿಧಾನಕ್ಕೆ ಎದ್ದು ನಿಂತರು.

"ನನಗೂ ಕೇಳಿಸ್ತು" ಎಂದರು. ಆಮೇಲೆ ಉಪ್ಪಿನವನು, "ನನಗೂ" ಎಂದ. ಆಮೇಲೆ ಮೇಕೆ ಮಾರುವ ಮುದುಕಿ.

ನಜೀಬಾ ರುಮಾಲನ್ನು ಬಿಚ್ಚಿ, ಮಡಿಸಿ, ಬಂದೂಕಿನವನ ಕೈಗಿಟ್ಟಳು. "ಯಜಮಾನನಿಗೆ ಕೊಡು. ಮುಖ ತೊಳ್ಕೊಳ್ಳೋದು ಅವನಿಗೇ ಬಿಟ್ಟಿದ್ದು ಅಂತ ಹೇಳು."

ಶಾಯಿಫ್ ಸಂತೆಗೆ ಬಂದು ನಿಲ್ಲಲಿಲ್ಲ, ಅದನ್ನೂ ಹೇಳಿಬಿಡಬೇಕು. ಯಾವ ನ್ಯಾಯಾಲಯವೂ ಅವನನ್ನು ಕರೆಯಲಿಲ್ಲ. ಆದರೆ ಅವತ್ತಿನಿಂದ ಅವನು ಯಾರಿಗೇ ಮುಖ ಕೊಡಲು ಹೋದರೂ ಲಾರಿಯವರು, "ಬೇಡ ಬಿಡಿ, ಸುತ್ತಿನ ದಾರಿಯೇ ಸಾಕು" ಅಂದು ಲಾರಿ ತಿರುಗಿಸುತ್ತಿದ್ದರು. ಅಷ್ಟೇ ಆದದ್ದು. ಅದು ಸಾಕೇ ಎಂದು ಕೇಳಿದರೆ, ಸಾಲದು.

ರುಮಾಲು ಕೊಟ್ಟ ಆ ಗುರುವಾರದ ಸಂಜೆ ನಜೀಬಾ ಮನೆಗೆ ಬಂದವಳೇ ಒಲೆ ಹಚ್ಚಿ ಕಿಶರಿಗೆ ನೀರಿಟ್ಟಳು. ಮುಕ್ಬಿಲ್ ಹೋದ ಮೇಲೆ ಆ ಮನೆಯಲ್ಲಿ ಕಿಶರ್ ಕುದಿಸಿರಲಿಲ್ಲ. ಶುಂಠಿಯ ವಾಸನೆಗೆ ಅತ್ತೆ ಮಲಗಿದ್ದಲ್ಲಿಂದ ತಲೆಯೆತ್ತಿದರು.

"ಏನೇ ಇದು? ಹಾರನ್ ಆಗ್ಲಿಲ್ಲವಲ್ಲೇ."

"ಆಯ್ತತ್ತೆ" ಎಂದಳು ನಜೀಬಾ. "ಈ ಸಲ ಊರಿಗೆಲ್ಲ ಕೇಳಿಸ್ತು."